ತನ್ನನ್ನು ತಾನೇ ನೋಡಿಕೊಳ್ಳುವ ದುಃಖ

ಮಾನ್ಯರೆ,

ಮನೆಯವರ ಸಾವನ್ನು ಕುರಿತ ಆತ್ಮಕಥನಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಅಮೆರಿಕದ ಡೇವ್ ಎಗ್ಗರ್ಸ್ ಅವರ ‘ಎ ಹಾರ್ಟ್‌ಬ್ರೇಕಿಂಗ್ ವರ್ಕ್ ಆಫ್ ಸ್ಟ್ಯಾಗರಿಂಗ್ ಜೀನಿಯಸ್’ ಪುಸ್ತಕವನ್ನು ‘ಬರಿಯ ಚಮತ್ಕಾರ’ ಎಂದು ಒಂದೇ ಮಾತಿನಲ್ಲಿ ಬದಿಗೆ ಸರಿಸಿದೆ. 2000ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಿದ್ದ ಈ ಪುಸ್ತಕವನ್ನು ಮೆಚ್ಚಿದವರೂ ಇದ್ದಾರೆ, ಅರ್ಧಕ್ಕೇ ಮುಚ್ಚಿಟ್ಟವರೂ ಇದ್ದಾರೆ. ಮೈಸೂರಿನಲ್ಲಿ ತಿಂಗಳಿಗೊಮ್ಮೆ ಸೇರಿ ಓದುವ ನಮ್ಮ ಏಳು ಜನರ ಬಳಗವೂ ಇದರ ವಿಷಯದಲ್ಲಿ ಎರಡು ಹೋಳಾಯಿತು. ಆ ಜಗಳವನ್ನು ಕೇಳಿದ ಮೇಲೆ, ಲೇಖಕರು ಬಳಸಿದ ‘ಬರಿಯ’ ಎಂಬ ಪದಕ್ಕೆ ನನ್ನ ತಕರಾರಿದೆ.

ಕತೆ ಸರಳ. ಇಲಿನಾಯ್ ರಾಜ್ಯದ ಲೇಕ್ ಫಾರೆಸ್ಟ್ ಊರಿನಲ್ಲಿ, 1991–92ರ ಚಳಿಗಾಲದಲ್ಲಿ, ಎಗ್ಗರ್ಸ್ ಅವರ ತಂದೆ ಮತ್ತು ತಾಯಿ ಇಬ್ಬರೂ ಸುಮಾರು ಒಂದು ತಿಂಗಳ ಅಂತರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೊಂದು ವರ್ಷ, ತಮ್ಮ ಟಾಫ್‌ಗೆ ಎಂಟು. ತಮ್ಮನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗಿ, ಅಡುಗೆಯೇ ಸರಿಯಾಗಿ ಬಾರದ ಹುಡುಗನೊಬ್ಬ ತಂದೆಯ ಸ್ಥಾನದಲ್ಲಿ ನಿಂತು ಅವನನ್ನು ಬೆಳೆಸುವುದೇ ಪುಸ್ತಕದ ವಸ್ತು. ಇದರಲ್ಲಿ ಯಾರಿಗೂ ಜಗಳವಿಲ್ಲ. ಜಗಳವಿರುವುದು ಆ ವಸ್ತುವಿಗೆ ಲೇಖಕರು ಹಾಕಿದ ಬಾಗಿಲುಗಳ ಬಗ್ಗೆ. ಕೃತಿಸ್ವಾಮ್ಯದ ಪುಟದಲ್ಲೇ ತಮ್ಮ ಎತ್ತರ, ತೂಕಗಳನ್ನು ಅಚ್ಚು ಹಾಕಿಸಿದ್ದಾರೆ. ಎಲ್ಲರೂ ಪೀಠಿಕೆಯನ್ನು ಓದಬೇಕಿಲ್ಲ, ಮಧ್ಯಭಾಗವನ್ನು ಬಿಟ್ಟರೂ ನಡೆಯುತ್ತದೆ ಎಂದು ತಾವೇ ಸಲಹೆ ಕೊಟ್ಟಿದ್ದಾರೆ. ಕೃತಜ್ಞತೆಯ ಪುಟಗಳಲ್ಲಿ ತಮ್ಮ ಪುಸ್ತಕದ ಆಶಯಗಳನ್ನು ತಾವೇ ಪಟ್ಟಿ ಮಾಡಿ, ಓದಿದ್ದಕ್ಕೆ ಪುರಾವೆಯೊಂದಿಗೆ ಪತ್ರ ಬರೆಯುವ ಮೊದಲ 200 ಮಂದಿಗೆ ಐದೈದು ಡಾಲರ್ ಕೊಡುವುದಾಗಿ ಹೇಳಿ, ಕೊನೆಗೊಂದು ಸ್ಟೇಪ್ಲರ್‌ನ ಚಿತ್ರವನ್ನೂ ಬರೆದಿದ್ದಾರೆ. ಇಷ್ಟು ಸಾಲದೆಂಬಂತೆ 2001ರ ಪೇಪರ್‌ಬ್ಯಾಕ್ ಮುದ್ರಣದಲ್ಲಿ ತಪ್ಪುಗಳ ಬಗೆಗಿನ ಅನುಬಂಧವೊಂದನ್ನು ತಲೆಕೆಳಗಾಗಿ ಅಚ್ಚು ಮಾಡಿಸಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಇಲ್ಲಿ ಯಾರೂ ಇನ್ನೂ ‘ಕಳ್ಳ’ ಎನ್ನುವ ಮೊದಲೇ ಲೇಖಕರು ಎರಡೂ ಹೆಗಲನ್ನು ಕೊಡವಿಕೊಂಡಿದ್ದಾರೆ. ನಮ್ಮ ಬಳಗದ ನಿವೃತ್ತ ಅಧ್ಯಾಪಕಿಯೊಬ್ಬರ ಸಿಟ್ಟು ಇದೇ ಆಗಿತ್ತು: ಸೂತಕದ ಮನೆಗೆ ಬಂದವರನ್ನು ಜಗಲಿಯಲ್ಲೇ ನಿಲ್ಲಿಸಿಕೊಂಡು ನಗೆಚಾಟಿಕೆ ಹೇಳುವವನ ದುಃಖವನ್ನು ನಾವೇಕೆ ನಂಬಬೇಕು? ಅವರ ಆಕ್ಷೇಪದಲ್ಲಿ ತೂಕವಿದೆ. ತನ್ನ ಮೇಲೆ ಬರಬಹುದಾದ ದೂರನ್ನೆಲ್ಲ ತಾನೇ ಹೇಳಿ ಮುಗಿಸುವವನು ಓದುಗನ ಕೈಯಿಂದ ಅದನ್ನು ಕಸಿದುಕೊಳ್ಳುತ್ತಾನೆ, ಆದರೆ ದೂರು ಅಷ್ಟರಿಂದಲೇ ತೀರುವುದಿಲ್ಲ. ಎಂಟಿವಿ ವಾಹಿನಿಯ ಕಾರ್ಯಕ್ರಮವೊಂದರ ಆಯ್ಕೆಗಾಗಿ ನಡೆಯುವ ಸಂದರ್ಶನದ ಅಧ್ಯಾಯದಲ್ಲಿ, ಅಪ್ಪ–ಅಮ್ಮನ ಸಾವನ್ನು ತಾನು ಬಂಡವಾಳ ಮಾಡಿಕೊಳ್ಳುತ್ತಿದ್ದೇನೆ ಎಂಬುದನ್ನು ಅವರು ಒಪ್ಪಿಕೊಳ್ಳುತ್ತಾರೆ; ಒಪ್ಪಿಕೊಂಡು, ಅದನ್ನೇ ಪುಟಗಟ್ಟಲೆ ಮುಂದುವರಿಸುತ್ತಾರೆ. ಅಲ್ಲಿ ನನಗೂ ಬೇಸರ ಬಂತು.

ಆದರೆ ಮೊದಲ ಅಧ್ಯಾಯವನ್ನು ನೋಡಿ. ಸೋಫಾದ ಮೇಲೆ ಮಲಗಿರುವ ತಾಯಿಯ ಮೂಗಿನಿಂದ ರಕ್ತ ಸುರಿಯುತ್ತದೆ, ನಿಲ್ಲುತ್ತಿಲ್ಲ. ಮಗ ಹಿಂದೆ ನಿಂತು ಮೂಗನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದಾನೆ. ಎದುರಿನ ಟಿ.ವಿ.ಯಲ್ಲಿ ಸಾಧಾರಣ ಮಂದಿ ಕಟ್ಟುಮಸ್ತಾದವರೊಡನೆ ಸೆಣಸುವ ಆಟವೊಂದು ನಡೆಯುತ್ತಿದೆ, ಇಬ್ಬರೂ ಅದನ್ನು ನೋಡುತ್ತಿದ್ದಾರೆ. ಕೈ ಸೋತಾಗ ಅವನು ಹಿಡಿತ ಬದಲಿಸುತ್ತಾನೆ. ಕಾಯಿಲೆಯವರ ಪಕ್ಕದಲ್ಲಿ ರಾತ್ರಿ ಕಳೆದವರಿಗೆ ಇದರ ನಿಜ ಗೊತ್ತು. ದುಃಖದ ನಟ್ಟನಡುವೆಯೂ ಕಣ್ಣು ಟಿ.ವಿ.ಯತ್ತ ಹೋಗುತ್ತದೆ, ಹೋದದ್ದಕ್ಕೆ ನಾಚಿಕೆಯಾಗುತ್ತದೆ. ತನ್ನನ್ನು ತಾನೇ ನೋಡಿಕೊಳ್ಳುವ ಈ ಗುಣ ಎಗ್ಗರ್ಸ್ ಅವರಿಗೆ ಬರೆಯಲು ಕುಳಿತ ಮೇಲೆ ಬಂದದ್ದಲ್ಲ, ಆ ಸೋಫಾದ ಹಿಂದೆ ನಿಂತಾಗಲೇ ಇತ್ತು ಎಂದು ನನಗೆ ತೋರುತ್ತದೆ.

ಪುಸ್ತಕದ ಕೊನೆಯ ಭಾಗದಲ್ಲಿ ಅವರು ತಾಯಿಯ ಚಿತಾಭಸ್ಮವನ್ನು ಮಿಷಿಗನ್ ಸರೋವರಕ್ಕೆ ಎಸೆಯುತ್ತಾರೆ. ಎಸೆಯುತ್ತಲೇ, ಇದು ಸುಂದರವಾದ ಕೆಲಸವೋ ಕ್ಷುಲ್ಲಕವಾದ ಕೆಲಸವೋ ಎಂದು ತೀರ್ಮಾನಿಸಲಾಗದೆ ಒದ್ದಾಡುತ್ತಾರೆ. ನಾನು ನನ್ನ ತಂದೆಯವರ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗ ಈ ಒದ್ದಾಟ ನನಗಿರಲಿಲ್ಲ. ಮಡಕೆಯ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಯಾವಾಗ ಬಿಚ್ಚಬೇಕು, ಯಾವ ದಿಕ್ಕಿಗೆ ನಿಲ್ಲಬೇಕು ಎಂದು ಪುರೋಹಿತರು ಹೇಳುತ್ತಾ ಹೋದರು, ಮುಗಿದ ಮೇಲೆ ಹಿಂತಿರುಗಿ ನೋಡಬೇಡಿ ಎಂದರು, ನಾನು ನೋಡಲಿಲ್ಲ. ನನ್ನ ಕೈಯನ್ನು ನಾನು ಗಮನಿಸುವ ಅಗತ್ಯವನ್ನೇ ಆ ವಿಧಿ ತಪ್ಪಿಸಿತ್ತು. ಆ ಸರೋವರದ ದಡದಲ್ಲಿ ಹೀಗೆ ಹೇಳಿಕೊಡುವವರು ಯಾರೂ ಇಲ್ಲ. ಹಾಗಾಗಿ ಮಗನೇ ಕರ್ತೃ, ಮಗನೇ ಪುರೋಹಿತ, ಬದಿಗೆ ನಿಂತು ನೋಡುವ ನೆಂಟನೂ ಅವನೇ. ಪುಸ್ತಕದ ತುಂಬ ಕಾಣುವ ಅಡ್ಡಮಾತು, ಅನುಮಾನ, ಹೆಗಲು ಕೊಡವಿಕೊಳ್ಳುವಿಕೆಗಳಿಗೆ ನಾನು ಕಂಡ ಕಾರಣ ಇದು. ಸ್ಟೇಪ್ಲರ್‌ನ ಚಿತ್ರಕ್ಕೆ ಇದು ಸಮರ್ಥನೆಯಲ್ಲ, ಅದು ಬೇಡವೇ ಆಗಿತ್ತು. ಇಪ್ಪತ್ತರ ಆಸುಪಾಸಿನವರು ಪತ್ರಿಕೆಯೊಂದನ್ನು ನಡೆಸುವ ಪಾಡನ್ನು ಹೇಳುವ ಮಧ್ಯಭಾಗವೂ ಉದ್ದವಾಯಿತು. ಅದನ್ನು ಬಿಟ್ಟು ಓದಿ ಎಂಬ ಅವರ ಸಲಹೆ ಪ್ರಾಮಾಣಿಕವಾದದ್ದೇ.

ಅಧ್ಯಾಪಕಿಯವರಿಗೆ, ಪೀಠಿಕೆಯನ್ನು ಹಾರಿಸಿ ಮೊದಲ ಅಧ್ಯಾಯದಿಂದ ಓದಿ ನೋಡಿ ಮೇಡಂ ಎಂದು ಪುಸ್ತಕವನ್ನು ಮತ್ತೆ ಕೊಟ್ಟಿದ್ದೆ. “ಮೂಗು ಹಿಡಿದದ್ದು ಸರಿಯಾಗಿದೆ, ಆದರೆ ಹಿಡಿದೆ ಹಿಡಿದೆ ಅಂತ ಅಷ್ಟು ಸಲ ಹೇಳಬೇಕಿರಲಿಲ್ಲ” ಎಂದು ಕಳೆದ ವಾರ ಫೋನಿನಲ್ಲಿ ಹೇಳಿದರು. ಪುಸ್ತಕವನ್ನು ಇನ್ನೂ ಹಿಂತಿರುಗಿಸಿಲ್ಲ.

– ಓದುಗ, ಮೈಸೂರು