ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೊರಡುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ನಮ್ಮ ಕರಾವಳಿಯ ಎಷ್ಟೋ ಮನೆಗಳು ಎದ್ದು ನಿಂತದ್ದು ದುಬೈ, ದೋಹಾ, ಕುವೈತ್‌ಗಳಲ್ಲಿ ದುಡಿದವರ ಹಣದಿಂದ. ಆದ್ದರಿಂದ ಗಡಿ ದಾಟಿ ದುಡಿಯಲು ಮನಸ್ಸು ಮಾಡಿರುವ ವೆಲ್ಡರ್, ಎಲೆಕ್ಟ್ರಿಷಿಯನ್, ಚಾಲಕ ಮಿತ್ರರು ಹಿಂಜರಿಯಬೇಕಾಗಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಹೋಗುವ ದಾರಿ ಸರಿಯಾಗಿರಲಿ.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯವಿರುವ) ವರ್ಗಕ್ಕೆ ಸೇರುತ್ತದೆ. ಅಂಥವರು ಈ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮುನ್ನ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಏಜೆಂಟರು ನೋಂದಾಯಿತರೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ನೋಡಬಹುದು. ಅವರು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲವಾದ್ದರಿಂದ, ಲಕ್ಷಗಟ್ಟಲೆ ಕೇಳುವವರ ಎದುರಿನಿಂದ ಎದ್ದು ಬನ್ನಿ. ಅದಕ್ಕಾಗಿ ಮನೆಯವರ ಚಿನ್ನ ಅಡವಿಡಬೇಡಿ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರುವ ಸಲಹೆಯನ್ನಂತೂ ಯಾರೇ ಕೊಟ್ಟರೂ, ಅವರು ಬಂಧುಗಳೇ ಆಗಿದ್ದರೂ, ಒಪ್ಪಬೇಡಿ.

ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿದರೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದಲ್ಲಿ 10 ಲಕ್ಷ ರೂಪಾಯಿಗಳ ವಿಮಾ ರಕ್ಷಣೆ ಇರುತ್ತದೆ.

ಉದ್ಯೋಗದ ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು ಅಲ್ಲಿ ದುಡಿದು ಬಂದಿರುವ ನಮ್ಮ ಹಿರಿಯ ಸದಸ್ಯರಿಗೆ ತೋರಿಸಿ. ಸಂಬಳ, ವಸತಿ, ಕೆಲಸದ ಅವಧಿಯ ಅಂಶಗಳನ್ನು ಅವರು ಓದಿ ವಿವರಿಸುವರು.