ಇನ್ನು ಮೇಲೆ ಮೊದಲು ಡ್ರಾಯಿಂಗ್, ಆಮೇಲೆ ತಗಡು

ಗ್ರಾಹಕ ಮಿತ್ರರಿಗೆ ಮೈಸೂರಿನಿಂದ ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ನಮ್ಮ ಬೈಕ್ ವರ್ಕ್‌ಶಾಪಿನ ಒಂದು ಪದ್ಧತಿ ಬದಲಾಗುತ್ತಿದೆ. ಟ್ಯಾಂಕು, ಸೀಟಿನ ತಳ, ಮಡ್ಗಾರ್ಡು, ಹೆಡ್‌ಲೈಟ್ ಬ್ರಾಕೆಟ್ಟು, ಹೊಸದಾಗಿ ಏನೇ ಮಾಡಿಸುವುದಿದ್ದರೂ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಕ್ಯಾಡ್ ಸಾಫ್ಟ್‌ವೇರ್ ಬಳಸಿ ಅಳತೆಗೆ ಸರಿಯಾಗಿ ಬಿಡಿಸುತ್ತೇವೆ. ನೀವು ನೋಡಿ ಸಹಿ ಹಾಕಿದ ಮೇಲೆಯೇ ತಗಡಿಗೆ ಕೈ ಹಾಕುವುದು. ಡ್ರಾಯಿಂಗಿಗೆ ಬೇರೆ ಚಾರ್ಜು. ಇದನ್ನು ಕೇಳಿ ಹಳೆಯ ಗಿರಾಕಿಗಳು ಕೆಲವರು, “ಇಷ್ಟು ವರ್ಷ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿಯೇ ಮಾಡಿಕೊಡುತ್ತಿದ್ದಿರಲ್ಲ, ಈಗೇನಾಯ್ತು?” ಎಂದರು. ಆಗಿದ್ದನ್ನೇ ಹೇಳಿಬಿಡುತ್ತೇವೆ.

ಕಳೆದ ವರ್ಷ ಒಬ್ಬರ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಟ್ಯಾಂಕು ಮಾಡಿದೆವು. ರಟ್ಟಿನ ಮಾದರಿ ಕತ್ತರಿಸಿ ಗಾಡಿ ಮೇಲಿಟ್ಟು ತೋರಿಸಿ, ಅವರು ಒಪ್ಪಿದ ಮೇಲೆ ನಮ್ಮ ಟಿಂಕರಿಂಗ್ ಮೇಸ್ತ್ರಿ ಹನ್ನೊಂದು ದಿನ ಕೂತು ತಟ್ಟಿದರು. ಪೇಂಟಾಯಿತು, ಚಿನ್ನದ ಬಣ್ಣದ ಗೆರೆ ಎಳೆದದ್ದೂ ಆಯಿತು. ಗಾಡಿಗೆ ಕೂರಿಸಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ ಟಕ್ ಎಂದು ಸದ್ದು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಪೈಪು ಟ್ಯಾಂಕಿಗೆ ಬಡಿಯುತ್ತಿತ್ತು. ಹೆಚ್ಚಾಗಿದ್ದು ಬರೀ 6 ಮಿ.ಮೀ. ರಟ್ಟು ಇಟ್ಟು ನೋಡಿದ ದಿನ ಫೋರ್ಕು ಬಿಚ್ಚಿಟ್ಟಿತ್ತು, ಯಾರಿಗೂ ಹೊಳೆಯಲಿಲ್ಲ. ಮತ್ತೆ ಕೊಯ್ದು, ವೆಲ್ಡ್ ಮಾಡಿ, ಬಣ್ಣ ಹೊಡೆದ ಖರ್ಚು ನಾವೇ ಹಾಕಿಕೊಂಡೆವು. ಆದರೆ ಆಯುಧ ಪೂಜೆಗೆ ಬೇಕೆಂದಿದ್ದ ಗಾಡಿ ಅವರ ಕೈಸೇರಿದ್ದು ದೀಪಾವಳಿ ಕಳೆದ ಮೇಲೆ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಸ್ಕ್ರೀನಿನ ಮೇಲೆ ಫೋರ್ಕನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಲು ಎರಡು ನಿಮಿಷ ಸಾಕು. ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದೂ ಮೊದಲೇ ಗೊತ್ತಾಗುತ್ತದೆ. ಹಿಂದೆ ನಾವು ಟ್ಯಾಂಕು ಮುಗಿಸಿ, ಅಳತೆ ಕ್ಯಾನಿನಲ್ಲಿ ನೀರು ಸುರಿದು, “ಹನ್ನೆರಡು ಬಂತು ಸಾರ್” ಎನ್ನುತ್ತಿದ್ದೆವು.

ನಾವು ಬಳಸುತ್ತಿರುವುದು ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ವ್ಯಾಪಾರಕ್ಕೆ ಬಳಸಲೂ ತಡೆಯಿಲ್ಲ. ಅದರ ಹಳೆಯ ಆವೃತ್ತಿಗಳಲ್ಲಿ ಒಂದು ಪೀಡೆ ಇತ್ತು: ಮೊದಲ ಹಂತದ ಅಳತೆಯೊಂದನ್ನು ತಿದ್ದಿದರೆ, ಆಮೇಲೆ ಕೊರೆದ ತೂತು ಹೋಗಿ ಆ ಭಾಗದ ಬೇರೆ ಮೈಯಲ್ಲಿ ಕೂರುತ್ತಿತ್ತು. ನವೆಂಬರ್ 2024ರಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹುಮಟ್ಟಿಗೆ ಸರಿಹೋಗಿದೆ. ನಾವು ಧೈರ್ಯ ಮಾಡಿದ್ದೂ ಆಮೇಲೆಯೇ.

ಬ್ರಾಕೆಟ್ಟಿನಂಥ ಸಣ್ಣ ಕೆಲಸಕ್ಕೂ ಇದೆಲ್ಲ ಬೇಕಾ ಎನ್ನುವವರಿಗೆ ಒಂದು ಲೆಕ್ಕ. 2 ಮಿ.ಮೀ. ತಗಡಿನಲ್ಲಿ, ಎರಡೂ ಕಡೆ ಹೊರಗಿನ ಅಳತೆ 40 ಬರುವ ಎಲ್ ಆಕಾರದ ಬ್ರಾಕೆಟ್ ಬೇಕು ಅನ್ನಿ. 80 ಮಿ.ಮೀ. ಪಟ್ಟಿ ಕತ್ತರಿಸಿದರೆ ತಪ್ಪು. ಬಾಗಿಸುವಾಗ ತಗಡು ಹೊರಮೈಯಲ್ಲಿ ಹಿಗ್ಗುತ್ತದೆ, ಒಳಮೈಯಲ್ಲಿ ಕುಗ್ಗುತ್ತದೆ. ಒಳಗಿನ ತಿರುವು 2 ಮಿ.ಮೀ. ತ್ರಿಜ್ಯದ್ದಾದರೆ ಕತ್ತರಿಸಬೇಕಾದದ್ದು ಸುಮಾರು 76.5. ನಮ್ಮ ಮೇಸ್ತ್ರಿ ಇದನ್ನು ಅಂದಾಜಿನಲ್ಲೇ ಸರಿಯಾಗಿ ತೆಗೆಯುತ್ತಾರೆ. ಲೇಸರ್ ಕಟಿಂಗ್ ಮಷೀನಿಗೆ ಅಂದಾಜು ಬರುವುದಿಲ್ಲ, ಕೊಟ್ಟಷ್ಟನ್ನೇ ಕತ್ತರಿಸುತ್ತದೆ.

ಹಾಗೆಂದು ಮೇಸ್ತ್ರಿಯವರ ಸುತ್ತಿಗೆ ಮೂಲೆ ಸೇರಿಲ್ಲ. ಟ್ಯಾಂಕಿನ ಉಬ್ಬುತಗ್ಗು ಈಗಲೂ ಕೈಯಲ್ಲೇ ಆಗಬೇಕು. ಕಂಪ್ಯೂಟರ್ ಕೊಡುವುದು ಅದರ ಅಡ್ಡಸೀಳುಗಳನ್ನು. ಬ್ರೆಡ್ಡನ್ನು ಹೋಳು ಮಾಡಿದ ಹಾಗೆ 25 ಮಿ.ಮೀ.ಗೆ ಒಂದರಂತೆ ಪ್ಲೈವುಡ್ಡಿನಲ್ಲಿ ಕತ್ತರಿಸಿ, ಒಂದಕ್ಕೊಂದು ಸಿಕ್ಕಿಸಿದರೆ ಅಚ್ಚು ನಿಲ್ಲುತ್ತದೆ. ತಟ್ಟಿದ ತಗಡನ್ನು ಆಗಾಗ ಅದರ ಮೇಲಿಟ್ಟು ನೋಡುವುದು. ಎಡಗಡೆ ಉಬ್ಬಿದಷ್ಟೇ ಬಲಗಡೆಯೂ ಉಬ್ಬಿದೆಯೇ ಎಂಬ ಜಗಳ ಅಲ್ಲಿಗೆ ಮುಗಿಯಿತು.

ಅಳತೆಗೆ ಮಾತ್ರ ನಿಮ್ಮ ಗಾಡಿಯೇ ಬರಬೇಕು. ನಮ್ಮಲ್ಲಿಗೆ ಹೆಚ್ಚು ಬರುವುದು ಇಲ್ಲೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದಮೇಲೆ ಅದರಲ್ಲಿ ತೀರಾ ಎಳೆಯ ಗಾಡಿಗೂ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ. ಬಿದ್ದು, ಎದ್ದು, ವೆಲ್ಡಿಂಗ್ ಕಂಡ ಫ್ರೇಮುಗಳು. ಎಡಕ್ಕೂ ಬಲಕ್ಕೂ ನಾಲ್ಕು ಮಿ.ಮೀ. ವ್ಯತ್ಯಾಸ ಇದ್ದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಸ್ನೇಹಿತರ ಗಾಡಿಗೆ ಮಾಡಿದ ಡ್ರಾಯಿಂಗನ್ನೇ ನನಗೂ ಹಾಕಿ ಎಂದು ದಯವಿಟ್ಟು ಕೇಳಬೇಡಿ.

ಇನ್ನೊಂದು ಮಾತು. ಮುಂದಿನ ಫೋರ್ಕನ್ನು ಚಾಪರ್ ಥರ ಚಾಚಿಸಿಕೊಡಿ ಎಂದು ತಿಂಗಳಿಗೊಬ್ಬರಾದರೂ ಬರುತ್ತಾರೆ. ಅಂಥವರಿಗೆ ಈಗ ಸ್ಕ್ರೀನಿನ ಮೇಲೆಯೇ ತೋರಿಸುತ್ತೇವೆ: ಚಕ್ರದ ತ್ರಿಜ್ಯ 330 ಮಿ.ಮೀ., ಫೋರ್ಕಿನ ಆಫ್‌ಸೆಟ್ (ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಚಕ್ರದ ನಡುಬಿಂದು ಎಷ್ಟು ಮುಂದಿದೆ ಎಂಬುದು) 50 ಇದ್ದು, ಆ ಅಕ್ಷದ ಓರೆ 27 ಡಿಗ್ರಿ ಇದ್ದರೆ ಟ್ರೇಲ್, ಅಂದರೆ ಅಕ್ಷದ ಗೆರೆ ನೆಲ ಮುಟ್ಟುವ ಜಾಗಕ್ಕೂ ಚಕ್ರ ನೆಲ ಮುಟ್ಟುವ ಜಾಗಕ್ಕೂ ಇರುವ ದೂರ, ಸುಮಾರು 112 ಮಿ.ಮೀ. ಓರೆಯನ್ನು 35 ಮಾಡಿದರೆ ಅದು 170ಕ್ಕೆ ಹೋಗುತ್ತದೆ. ದೇವರಾಜ ಅರಸು ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ಆ ಹ್ಯಾಂಡಲ್ ತಿರುಗಿಸುವುದು ಭಾರ. ಇಷ್ಟು ತೋರಿಸಿದ ಮೇಲೂ ನಾವು ಫ್ರೇಮು ಕೊಯ್ಯುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ತಾಳೆಯಾಗದ ಬದಲಾವಣೆ ಮಾಡಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಸೈಲೆನ್ಸರಿನ ಸದ್ದು ಜೋರು ಮಾಡಿಸುವವರಿಗೂ ನಮ್ಮದು ಇದೇ ಉತ್ತರ.

ಚಾರ್ಜಿನ ವಿಷಯ. ಬ್ರಾಕೆಟ್ ಡ್ರಾಯಿಂಗಿಗೆ 500 ರೂಪಾಯಿ, ಸೀಟಿನ ತಳಕ್ಕೆ 1,500, ಟ್ಯಾಂಕಿಗೆ 5,000. ಎರಡು ಸಲ ತಿದ್ದುವುದು ಇದರಲ್ಲೇ ಸೇರಿದೆ. ಕೆಲಸವನ್ನೂ ನಮಗೇ ಕೊಟ್ಟರೆ ಅರ್ಧ ಹಣ ಬಿಲ್ಲಿನಲ್ಲಿ ವಜಾ ಆಗುತ್ತದೆ. ಡ್ರಾಯಿಂಗ್ ನಿಮ್ಮದು, ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ, ಬೇರೆ ಕಡೆ ಮಾಡಿಸಿಕೊಂಡರೂ ನಮ್ಮ ತಕರಾರಿಲ್ಲ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ರೇಟೇ. ಕೆಲವು ಭಾಗಗಳನ್ನು ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿ ಗಾಡಿಗೆ ಕಟ್ಟಿ ತೋರಿಸುವುದೂ ಉಂಟು. ಅದು ನೋಡುವುದಕ್ಕೆ ಮಾತ್ರ. ಒಬ್ಬರು ಅದನ್ನೇ ಕಟ್ಟಿಕೊಂಡು ಹೋಗಿ ಏಪ್ರಿಲ್ ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಸಂಜೆ ಬಂದು ನೋಡಿದರೆ ಹೆಡ್‌ಲೈಟು ನೆಲ ನೋಡುತ್ತಿತ್ತಂತೆ.

ಡ್ರಾಯಿಂಗಿಗೆ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಆಯುಧ ಪೂಜೆಗೆ ಗಾಡಿ ಬೇಕಾದವರು ಆಷಾಢದಲ್ಲೇ ತನ್ನಿ. ಗೀಟು ಎಳೆಯುವುದಕ್ಕೆ ಮುಹೂರ್ತ ಬೇಕಿಲ್ಲ, ತಗಡನ್ನು ಶ್ರಾವಣದಲ್ಲಿ ಕತ್ತರಿಸೋಣ. ಬರುವಾಗ ಗಾಡಿ ತೊಳೆಸಿಕೊಂಡು ಬನ್ನಿ. ಗ್ರೀಸು ಮೆತ್ತಿದ ಜಾಗಕ್ಕೆ ಕ್ಯಾಲಿಪರ್ ಹಿಡಿದರೆ ಅಳತೆ ಸುಳ್ಳು ಹೇಳುತ್ತದೆ.

ಇತಿ,
ನಿಮ್ಮ ವರ್ಕ್‌ಶಾಪಿನವರು