ಅಡಗಿ ಮನಿ ಗೋಡಿ ಖಾಲಿ ಬಿಡಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಗಂಗಾವತಿಯೊಳಗ ಈಗ ಬಾಡಿಗಿಗೆ ಅಂತನ ಸಣ್ಣ ಸಣ್ಣ ಮನಿ ಭಾಳ ಕಟ್ಟಾಕತ್ಯಾರ. ಹಾಲ್‌ಗೆ ಪಿಒಪಿ ಮಾಡಸ್ತಾರ, ಟಿವಿ ಗೋಡಿಗೆ ಡಿಸೈನ್ ಹಾಕಸ್ತಾರ, ಅಡಗಿ ಮನಿಗೆ ಬಂದ್ರ ಒಂದು ಕಟ್ಟಿ, ಒಂದು ಸಿಂಕ್, ತಲಿ ಮ್ಯಾಲೆ ಒಂದು ಸಜ್ಜಾ, ಅಷ್ಟ. ಕಟ್ಟಿಯಿಂದ ಸಜ್ಜಾದ ತನಕ ನಾಕು ಅಡಿ ಗೋಡಿ ಸುಮ್ನ ಬೋಳು ನಿಂತಿರ್ತದ, ಸಾಮಾನೆಲ್ಲ ನೆಲದ ಮ್ಯಾಲ. ಮನಿ ಕಟ್ಟಸೋರಿಗೆ ನಾನು ಕೇಳ್ಕೊಳ್ಳೋದು ಇಷ್ಟ, ಪ್ಲಾಸ್ಟರ್ ಆಗೋಕಿಂತ ಮುಂಚೇನ ಅಡಗಿ ಮನಿ ಗೋಡಿಗೆ ಡಬ್ಬಿ ಸಾಮಾನು ಇಡಾಕ ಕಲ್ಲಿನ ಪಟ್ಟಿ ಕೂಡಸಿ ಕೊಡ್ರಿ.

ನಮ್ಮ ಕಡೆ ಅಡಗಿ ಮನಿ ಅಂದ್ರ ಅಡಗಿ ಮಾಡೋ ಜಾಗ ಅಷ್ಟ ಅಲ್ರಿ, ಅರ್ಧ ಉಗ್ರಾಣ ಇದ್ದಂಗ. ಊರಿಂದ ಜೋಳ ಬರ್ತಾವ, ಅಕ್ಕಿ ಚೀಲ ಬರ್ತದ, ಬ್ಯಾಸಗ್ಯಾಗ ವರ್ಷದ ಖಾರ ಕುಟ್ಟಿಸಿ ಇಡ್ತೀವಿ, ಹಪ್ಪಳ ಸಂಡಗಿ ಶಾವಗಿ ಒಣಗಿಸಿ ಡಬ್ಬಿ ತುಂಬ್ತೀವಿ, ಶೇಂಗಾ ಪುಡಿ ಗುರೆಳ್ಳು ಪುಡಿ ಅಗಸಿ ಪುಡಿ ಪುಟಾಣಿ ಪುಡಿ ಇಲ್ಲದ ರೊಟ್ಟಿ ಊಟ ಊಟ ಅನಸಂಗಿಲ್ಲ, ಉಪ್ಪಿನಕಾಯಿ ಭರಣಿ ಬ್ಯಾರೆ, ಕಟಕ ರೊಟ್ಟಿ ಬುಟ್ಟಿ ಬ್ಯಾರೆ. ಇದರ ಜೋಡಿ ನಳದ ನೀರು ದಿನಾ ಬರಂಗಿಲ್ಲ, ಬಂದ ದಿನ ಕೊಡ ಬಕೇಟು ಡ್ರಮ್ಮು ಎಲ್ಲಾ ತುಂಬಿ ಇಡಬೇಕು, ಅವನ್ನ ಗೋಡಿಗೆ ನೇತು ಹಾಕಾಕ ಬರ್ತದೇನ್ರಿ, ನೆಲ ಅವಕ್ಕ ಬಿಟ್ಟು ಕೊಡ್ಲೇಬೇಕು. ಹಂಗಾಗಿ ಉಳದ ಸಾಮಾನಿಗೆ ಗೋಡಿ ಒಂದ ಗತಿ.

ಹಳೇ ಮಾಳಗಿ ಮನಿ ನೋಡಿದೋರಿಗೆ ಇದು ಹೊಸಾದಲ್ಲ. ಕಲ್ಲು ಮಣ್ಣಿನ ದಪ್ಪ ಗೋಡಿ ಇರ್ತಿದ್ವು, ಅದರಾಗ ಮಾಡ, ಅಂದ್ರ ಗೂಡು, ಬಿಡ್ತಿದ್ರು, ಉಪ್ಪಿನ ಗಡಗಿ, ಎಣ್ಣಿ ಬುಡ್ಡಿ, ಚಿಮಣಿ ದೀಪ ಎಲ್ಲಾ ಗೋಡಿ ಹೊಟ್ಟ್ಯಾಗ. ಗೋಡಿಗೆ ಗೂಟ ಹೊಡೀತಿದ್ರು, ಜಂತಿಗೆ ನೆಲುವು (ತೂಗು ಹಾಕೋ ಹಗ್ಗದ ಬಲಿ) ಕಟ್ಟಿ ಹಾಲು ಮೊಸರು ಬೆಕ್ಕಿಗೆ ನಿಲುಕದಂಗ ಇಡ್ತಿದ್ರು. ಆ ಮನಿ ಕಟ್ಟಿದೋರು ಯಾವ ಕಾಲೇಜಿಗೂ ಹೋಗಿದ್ದಿಲ್ಲ, ಆದ್ರ ಒಲಿ ಮುಂದ ಕುಂತಾಕಿ ಕೈ ಎಲ್ಲಿ ತನಕ ಹೋಗ್ತದ ಅನ್ನೋದು ಅವರಿಗೆ ಗೊತ್ತಿತ್ತು. ಈಗ ಹೊರಗಿನ ಗೋಡಿ ಒಂಬತ್ತು ಇಂಚು, ಒಳಗಿನ ಗೋಡಿ ನಾಕೂವರಿ ಇಂಚು, ಅದರಾಗ ಮಾಡ ಕೊರಿಯಾಕ ಹೋದ್ರ ಆಚೆ ರೂಮಿಗೇ ಕಾಣ್ತದ. ಅದಕ್ಕ ಪಟ್ಟಿ ಗೋಡಿಯಿಂದ ಹೊರಗ ಬರಬೇಕು, ಹೊರಗ ಬರೋದು ಅಂದ ಮ್ಯಾಲೆ ಕಟ್ಟೋವಾಗ್ಲೇ ಯೋಚನಿ ಮಾಡಬೇಕು.

ಪಟ್ಟಿಗೆ ಹಾಕೋ ಕಡಪಾ ಕಲ್ಲು, ಅಂದ್ರ ಕರೇ ಚಪ್ಪಡಿ ಕಲ್ಲು, ನಮ್ಮ ಕಡೆ ಎಲ್ಲಾ ಗೌಂಡಿಗಳಿಗೂ ಗೊತ್ತಿರೋ ವಸ್ತು. ಕುಷ್ಟಗಿ ಇಳಕಲ್ ಕಡೆ ಗ್ರಾನೈಟ್ ಕೊಯ್ಯೋ ಜಾಗದಾಗ ಸಣ್ಣ ಅಗಲದ ತುಂಡು ಪಟ್ಟಿಗಳೂ ಉಳೀತಾವ, ಅವೂ ನಡೀತಾವ. ಎರಡೂ ಬದಿ ನಿಂತ ಕಲ್ಲು ಕೊಟ್ಟು, ಅಡ್ಡ ಪಟ್ಟೀನ ಗೋಡ್ಯಾಗ ಎರಡು ಮೂರು ಇಂಚು ಹೂಳಿ ಸಿಮೆಂಟ್ ತುಂಬಿದ್ರ ಸಾಕು, ಗೆದ್ದಲಿ ಹತ್ತಂಗಿಲ್ಲ, ತುಕ್ಕು ಹಿಡಿಯಂಗಿಲ್ಲ, ಜಿಡ್ಡು ಕುಂತ್ರ ಸೋಪಿನ ನೀರಾಗ ಒರಸಿದ್ರ ಹೋಗ್ತದ. ನಡುವ ಆಸರಿ ಇಲ್ಲದ ಎರಡೂವರಿ ಮೂರು ಅಡಿಗಿಂತ ಉದ್ದ ಬಿಡಬ್ಯಾಡ್ರಿ, ಭಾರಕ್ಕ ಕಲ್ಲು ಒಡೀತದ. ಅಗಲ ಮಾತ್ರ ಜಾಸ್ತಿ ಮಾಡಸಬ್ಯಾಡ್ರಿ, ಎಷ್ಟೋ ಮಂದಿ ಒಂದೂವರಿ ಅಡಿ ಹಾಕಸಿ ಹಿಂದಿನ ಸಾಲಿನ ಡಬ್ಬಿ ಮರ್ತೇ ಬಿಡ್ತಾರ, ಬಗ್ಗಿ ರೊಟ್ಟಿ ಬಡಿಯೋವಾಗ ತಲಿಗೂ ಬಡೀತದ. ಒಂಬತ್ತು ಇಂಚು ಸಾಕು, ಮಸಾಲಿ ಡಬ್ಬಿ ಪುಡಿ ಬಾಟ್ಲಿಗೆ ನಾಕೈದು ಇಂಚೇ ಸಾಕು, ಒಂದ ಸಾಲು ಇಟ್ರ ಎಲ್ಲಾ ಕಣ್ಣಿಗೆ ಬೀಳ್ತದ. ಕಟ್ಟಿಯಿಂದ ಒಂದೂವರಿ ಅಡಿ ಮ್ಯಾಲೆ ಮೊದಲನೇ ಪಟ್ಟಿ ಬರ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಊಟಕ್ಕ ಬ್ಯಾರೆ ಜಾಗ ಇರೋ ಮನ್ಯಾಗ ಅಡಗಿ ಮನಿ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕು, ಅಂದ್ರ ಆರಡಿ. ಅದರಾಗ ಕಟ್ಟಿ ಎರಡಡಿ ಹೋದ್ರ ಉಳಿಯೋದು ನಾಕಡಿ, ಎದುರು ಗೋಡಿಗೆ ಕಪಾಟು ತಂದು ನಿಲ್ಲಿಸಿದ್ರ ಇಬ್ರು ತಿರುಗಾಡಾಕ ಆಗಂಗಿಲ್ಲ, ಒಂಬತ್ತಿಂಚಿನ ಪಟ್ಟಿ ಆದ್ರ ಆರಾಮ ಆಗ್ತದ.

ಒಲಿ ಮ್ಯಾಲೆ ನೇರ ಯಾವ ಪಟ್ಟೀನೂ ಬ್ಯಾಡ. ಉರಿ ಮ್ಯಾಲಿಂದ ಕೈ ಚಾಚಿ ಡಬ್ಬಿ ತೆಗಿಯೋವಾಗ ಸೆರಗು ತಾಗೋದು ಎಷ್ಟೊತ್ತಿನ ಮಾತು? ಉಪ್ಪು ಖಾರ ಒಲಿ ಬಾಜೂಕ ಇರ್ಲಿ. ಗ್ಯಾಸ್ ಸೋರಿದ್ರ ಅದು ಗಾಳಿಗಿಂತ ಭಾರ, ನೆಲದ ಮಟ್ಟದಾಗ ಕೂಡ್ತದ, ಹಂಗಾಗಿ ಸಿಲಿಂಡರ್ ಹತ್ರ ಕೆಳಗ ಬಿಟ್ಟಿರೋ ಗಾಳಿ ಕಿಂಡಿಗೆ ಸ್ಟ್ಯಾಂಡು ಡಬ್ಬಿ ಅಡ್ಡ ಇಡಬಾರ್ದು. ಇನ್ನ ನಮ್ಮ ಬಿಸಿಲು ಗೊತ್ತೇ ಐತಲ್ಲ, ಏಪ್ರಿಲ್ ಮೇ ಒಳಗ ನಲವತ್ತು ಡಿಗ್ರಿ ದಾಟ್ತದ, ಪಡುವಲ ಗೋಡಿ ರಾತ್ರಿ ತನಕ ಸುಡ್ತದ, ಆ ಗೋಡಿಗೆ ಎಣ್ಣಿ, ಶೇಂಗಾ ಪುಡಿ ಇಟ್ರ ಲಗೂನ ಕಮಟು ಹಿಡೀತದ, ಅಲ್ಲಿ ತಾಟು ಲೋಟದ ಸ್ಟೀಲ್ ಸ್ಟ್ಯಾಂಡ್ ಹಾಕ್ರಿ.

ಈಗಾಗ್ಲೇ ಕಟ್ಟಿದ ಮನ್ಯಾಗ ಇರೋರು ಗೋಡಿಗೆ ಮೊಳಿ ಹೊಡಿಬ್ಯಾಡ್ರಿ, ಪ್ಲಾಸ್ಟರ್ ಉದುರ್ತದ, ಮಾಲಕರು ಸಿಟ್ಟು ಮಾಡೋದೂ ಅದಕ್ಕ. ಡ್ರಿಲ್ ಮಷಿನ್‌ದಾಗ ತೂತು ಹಾಕಿ ಸ್ಕ್ರೂ ಹಿಡಿಯೋ ಪ್ಲಾಸ್ಟಿಕ್ ಗಿಟ್ಟಿ ಕೂಡಸಿ ಸ್ಕ್ರೂ ಬಿಗದ್ರ ಇಟ್ಟಂಗಿ ಗೋಡಿ ಚೊಲೋ ತಡೀತದ, ಮನಿ ಬಿಡೋವಾಗ ಪುಟ್ಟಿ ತುಂಬಿದ್ರ ಗುರ್ತೂ ಕಾಣಂಗಿಲ್ಲ. ಪೊಳ್ಳು ಸಿಮೆಂಟ್ ಬ್ಲಾಕ್ ಗೋಡಿ ಇದ್ರ ಆ ಗಿಟ್ಟಿ ಒಳಗ ತಿರುಗ್ತದ, ಭಾರ ತಡಿಯಂಗಿಲ್ಲ, ಅದಕ್ಕ ಆಂಕರ್ ಅಂತ ಬ್ಯಾರೆ ನಮೂನಿ ಗಿಟ್ಟಿ ಬರ್ತಾವ, ಹಾರ್ಡ್‌ವೇರ್ ಅಂಗಡ್ಯಾಗ ಗೋಡಿ ಯಾವುದು ಅಂತ ಹೇಳೇ ಕೇಳ್ರಿ. ಸ್ವಿಚ್ ಬೋರ್ಡಿನ ನೇರ ಮ್ಯಾಲೆ ಕೆಳಗ ತೂತು ಹಾಕಲೇಬ್ಯಾಡ್ರಿ, ವೈರ್ ಪೈಪು ಅಲ್ಲೇ ಹಾದು ಹೋಗಿರ್ತದ, ನಳದ ನೇರನೂ ಹಂಗ. ಸ್ಟ್ಯಾಂಡ್ ಎಷ್ಟು ಮುಂದ ಬರ್ತದೋ ಅಷ್ಟು ಮ್ಯಾಲಿನ ಸ್ಕ್ರೂ ಜಗ್ತದ, ಅದಕ್ಕ ಹತ್ತು ಲೀಟರ್ ಎಣ್ಣಿ ಕ್ಯಾನು, ಹಿಟ್ಟಿನ ಡಬ್ಬಿ ಕೆಳಗಿರ್ಲಿ. ಸವಳು ಹಿಡದು ಉಪ್ಪು ಉದುರೋ ಗೋಡಿ ಇದ್ರ ಕೆಳಗಿನ ಎರಡು ಮೂರಡಿ ಬಿಟ್ಟೇ ಹಾಕ್ರಿ.

ಬಾಡಿಗಿ ಮನ್ಯಾಗ ಒಂದು ತೂತಿಗೂ ಪರ್ಮಿಷನ್ ಕೊಡದ ಮಾಲಕರು ಭಾಳ ಮಂದಿ ಅದಾರ. ಅವರಿಗೆ ಕೈ ಮುಗದು ಹೇಳ್ತೀನಿ, ನೀವೇ ಪಟ್ಟಿ ಹಾಕಿ ಕೊಟ್ರ ಬಂದೋರೆಲ್ಲ ತೂತು ಹಾಕೋ ಪ್ರಸಂಗನ ಬರಂಗಿಲ್ಲ, ನಿಮ್ಮ ಗೋಡೀನೂ ಉಳೀತದ.

ಸರಕಾರದ ಮನಿಗಳಿಗೂ ಇದ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯೊಳಗ ಮನಿ ಕನಿಷ್ಠ 25 ಚದರ ಮೀಟರ್, ಅದರಾಗ ಅಡಗಿಗೆ ಅಂತ ಸ್ವಚ್ಛ ಜಾಗ ಇರಬೇಕು ಅಂತ ಐತಿ. 25 ಚದರ ಮೀಟರ್ ಅಂದ್ರ ಹತ್ರ ಹತ್ರ 270 ಚದರ ಅಡಿ, ಅಷ್ಟರಾಗ ಒಂದು ಸಂಸಾರ ಬಾಳೇವು ಮಾಡಬೇಕಂದ್ರ ಗೋಡಿ ಬಳಸದ ಬ್ಯಾರೆ ದಾರಿ ಎಲ್ಲೈತ್ರಿ. ಪಂಚಾಯ್ತಿ ಇಂಜಿನಿಯರುಗಳು ಕೆಲಸ ಎಲ್ಲಿ ತನಕ ಬಂತು ಅಂತ ಫೋಟೋ ತಗಿಯಾಕ ಬಂದಾಗ ನಾಕು ಕಡಪಾ ಪಟ್ಟಿ ಹಾಕಸ್ರಿ ಅಂತ ಬಾಯಿ ಮಾತಿಗಾದ್ರೂ ಹೇಳ್ಲಿ, ನಮ್ಮ ಕಡೆ ಗೌಂಡಿಗಳು ಹೇಳಿದ್ರ ಮಾಡ್ತಾರ, ಯಾರೂ ಹೇಳಂಗಿಲ್ಲ ಅಷ್ಟ. ಮತ್ತ ಪಟ್ಟಿ ಎಷ್ಟು ಎತ್ತರಕ್ಕ ಬರಬೇಕು ಅನ್ನೋದನ್ನ ಗಂಡಸರು ನಿಂತು ಲೆಕ್ಕ ಹಾಕಬ್ಯಾಡ್ರಿ, ಆ ಮನ್ಯಾಗ ಅಡಗಿ ಮಾಡೋರನ್ನ ಪ್ಲಾಸ್ಟರಿಗೆ ಮುಂಚೆ ಕರಕೊಂಡು ಹೋಗಿ, ಕೈ ಎತ್ತಿಸಿ, ನಿಲುಕಿದಲ್ಲಿ ಗೋಡಿಗೆ ಗೀಟು ಹಾಕ್ರಿ.

– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ